ಗಾಜಿನ ತೊಟ್ಟಿಯ ಮುಂದೆ ಕುಳಿತ ಜೀನ್ ವಿಲ್‌ಪ್ರೂ-ಪವರ್

ಅಕ್ವೇರಿಯಂ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಹೋಟೆಲಿನ ಕ್ಯಾಶ್ ಕೌಂಟರಿನ ಪಕ್ಕದಲ್ಲಿ, ಮೊಬೈಲ್ ಅಂಗಡಿಯ ಮೂಲೆಯಲ್ಲಿ ನಾಲ್ಕು ಗೋಲ್ಡ್‌ಫಿಶ್ ಸುತ್ತುತ್ತಲೇ ಇರುತ್ತವೆ. ಅದು ಅಲಂಕಾರದ ವಸ್ತು ಎಂದೇ ನಾವು ಅಂದುಕೊಂಡಿದ್ದೇವೆ. ಆದರೆ ಸಮುದ್ರದ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಇಟ್ಟು ನೋಡುವ ಕೆಲಸ ಶುರುವಾದದ್ದು ಅಲಂಕಾರಕ್ಕಲ್ಲ, ಒಂದು ಪ್ರಶ್ನೆಗೆ ಉತ್ತರ ಹುಡುಕಲು. ಆ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕುಳಿತವರು ಕಾಲೇಜಿನ ಮೆಟ್ಟಿಲು ಹತ್ತದ, ಬಟ್ಟೆ ಹೊಲಿದು ಬದುಕು ಕಟ್ಟಿಕೊಂಡಿದ್ದ ಒಬ್ಬ ಮಹಿಳೆ. ಅವರ ಹೆಸರು ಜೀನ್ ವಿಲ್‌ಪ್ರೂ-ಪವರ್. ಸಮುದ್ರಜೀವಿಗಳನ್ನು ಅಧ್ಯಯನ ಮಾಡುವವರಿಗೆ ಇದು ಪರಿಚಿತ ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ನಾನು ಈ ಹೆಸರನ್ನು ಕಂಡಿಲ್ಲ. ಅದಕ್ಕೇ ಈ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಎನಿಸಿತು.

ಚಿಪ್ಪಿನೊಳಗಿನ ಮೀನುಗಳು

ನಾನು ಅವರನ್ನು ತಿಳಿದದ್ದು ನನ್ನ ಮೀನುಗಳ ಮೂಲಕ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಒಂದು ತೊಟ್ಟಿ ಇದೆ. ಅದರಲ್ಲಿರುವುದು ಖಾಲಿ ಬಸವನಹುಳುವಿನ ಚಿಪ್ಪಿನಲ್ಲಿ ಸಂಸಾರ ಮಾಡುವ ಪುಟ್ಟ ಸಿಕ್ಲಿಡ್ ಮೀನುಗಳು. ಸಾಕುವವರು ಇವುಗಳನ್ನು ಮಲ್ಟಿ ಎಂದು ಚಿಕ್ಕದಾಗಿ ಕರೆಯುತ್ತಾರೆ. ವೈಜ್ಞಾನಿಕ ಹೆಸರು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್. ಸಿಕ್ಲಿಡ್ ಎಂಬ ಹೆಸರು ಹೊಸದೆನಿಸಿದರೂ ಆ ಕುಟುಂಬ ನಮಗೆ ಹೊಸದಲ್ಲ. ಮಾರುಕಟ್ಟೆಯಲ್ಲಿ ಸಿಗುವ ತಿಲಾಪಿಯಾ, ಹಿನ್ನೀರಿನ ಕರಿಮೀನು ಎರಡೂ ಸಿಕ್ಲಿಡ್‌ಗಳೇ. ನನ್ನ ಮೀನುಗಳು ಮಾತ್ರ ಬಾಣಲೆಗೆ ಲಾಯಕ್ಕಿಲ್ಲ. ಗಂಡು ಹೆಚ್ಚೆಂದರೆ 4ರಿಂದ 5 ಸೆಂಟಿಮೀಟರ್, ಹೆಣ್ಣು ಅದಕ್ಕಿಂತಲೂ ಚಿಕ್ಕದು.

ಇವುಗಳ ಊರು ಪೂರ್ವ ಆಫ್ರಿಕಾದ ಟ್ಯಾಂಗನಿಕಾ ಸರೋವರ. ತಾಂಜಾನಿಯಾ, ಕಾಂಗೋ, ಬುರುಂಡಿ, ಜಾಂಬಿಯಾ ಎಂಬ ನಾಲ್ಕು ದೇಶಗಳ ನಡುವೆ ಹಬ್ಬಿರುವ ಈ ಸರೋವರದ ಆಳ ಸುಮಾರು 1,470 ಮೀಟರ್. ಅದರ ತಳದಲ್ಲಿ ಕೆಲವು ಕಡೆ ನಿಯೋಥೌಮಾ ಎಂಬ ಬಸವನಹುಳುವಿನ ಖಾಲಿ ಚಿಪ್ಪುಗಳು ರಾಶಿ ರಾಶಿ ಬಿದ್ದಿವೆ. ಸತ್ತ ಹುಳುವಿನ ಆ ಚಿಪ್ಪೇ ಈ ಮೀನಿಗೆ ಮನೆ, ಕೋಟೆ, ಹೆರಿಗೆ ಕೋಣೆ. ಹೆಣ್ಣು ಚಿಪ್ಪಿನ ಒಳಗಿನ ಸುರುಳಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಹೊರಬರುವವರೆಗೆ ನಮಗೆ ಏನೂ ಕಾಣುವುದಿಲ್ಲ. ಒಂದು ದಿನ ಚಿಪ್ಪಿನ ಬಾಯಿಯಲ್ಲಿ ಜೀರಿಗೆ ಕಾಳಿನಷ್ಟು ಮರಿಗಳು ತೇಲುತ್ತಿರುತ್ತವೆ.

ಸಾಕಲು ದೊಡ್ಡ ಖರ್ಚೇನೂ ಇಲ್ಲ. ತಳದಲ್ಲಿ ಎರಡು ಇಂಚು ನುಣುಪಾದ ಮರಳು ಬೇಕು, ಏಕೆಂದರೆ ಇವು ಬಾಯಿಯಲ್ಲಿ ಮರಳು ಕಚ್ಚಿ ತೆಗೆದು ಚಿಪ್ಪನ್ನು ತಮಗೆ ಬೇಕಾದಂತೆ ಹೂತುಕೊಳ್ಳುತ್ತವೆ. ಮೀನಿನ ಸಂಖ್ಯೆಗಿಂತ ಚಿಪ್ಪಿನ ಸಂಖ್ಯೆ ಹೆಚ್ಚಿರಬೇಕು, ಇಲ್ಲದಿದ್ದರೆ ಜಗಳ ತಪ್ಪಿದ್ದಲ್ಲ. ನಾನು ಹಾಕಿರುವುದು ಗದ್ದೆಯ ಬಸವನಹುಳುವಿನ ಖಾಲಿ ಚಿಪ್ಪುಗಳನ್ನು, ಚೆನ್ನಾಗಿ ಕುದಿಸಿ ತೊಳೆದು. ಟ್ಯಾಂಗನಿಕಾದ ನೀರು ಗಡಸು ಮತ್ತು ಪ್ರತ್ಯಾಮ್ಲೀಯ. ಅಲ್ಲಿನ ಪಿಎಚ್ 8.5ರಿಂದ 9ರ ಆಸುಪಾಸಿನಲ್ಲಿರುತ್ತದೆ. ನಮ್ಮ ಕೆಂಪುಕಲ್ಲಿನ ನೆಲದ ಬಾವಿನೀರು ಮೆದು. ಅದಕ್ಕೆ ಮರುವಾಯಿ ಚಿಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿ ಇಡುತ್ತೇನೆ. ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ. ಇಷ್ಟೇ.

ಈ ಮೀನಿಗೆ 1906ರಲ್ಲಿ ಹೆಸರಿಟ್ಟವರು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಜಾರ್ಜ್ ಆಲ್ಬರ್ಟ್ ಬೂಲೆಂಜರ್. ಅವರ ಮುಂದೆ ಇದ್ದದ್ದು ಆಫ್ರಿಕಾದಿಂದ ಬಂದ ಸತ್ತ ಮೀನುಗಳು. ರೆಕ್ಕೆಯ ಮುಳ್ಳು, ಹುರುಪೆ, ಪಟ್ಟೆ ಇವನ್ನೆಲ್ಲ ಸತ್ತ ಮೀನಿನಲ್ಲಿ ಎಣಿಸಬಹುದು. ಅದು ಚಿಪ್ಪನ್ನು ಹೇಗೆ ಹೂಳುತ್ತದೆ, ಮರಿಯನ್ನು ಹೇಗೆ ಕಾಯುತ್ತದೆ ಎಂಬುದನ್ನು ಎಣಿಸಲಾಗದು. ಅದಕ್ಕೆ ಜೀವಂತ ಮೀನಿನ ಎದುರು ಕೂರಬೇಕು. ಹಾಗೆ ಜೀವಂತ ಪ್ರಾಣಿಯ ಎದುರು ಮೊದಲು ಕುಳಿತವರು ಯಾರು ಎಂದು ಓದುತ್ತಾ ಹೋದಾಗ ನನಗೆ ಜೀನ್ ಸಿಕ್ಕಿದರು. ಅವರ ಪ್ರಶ್ನೆಯೂ ಚಿಪ್ಪಿನದೇ ಆಗಿತ್ತು.

ಜುಯಾಕ್‌ನಿಂದ ಪ್ಯಾರಿಸ್‌ಗೆ ಕಾಲ್ನಡಿಗೆ

ಜೀನ್ ಹುಟ್ಟಿದ್ದು 1794ರ ಸೆಪ್ಟೆಂಬರ್ ತಿಂಗಳಲ್ಲಿ, ಫ್ರಾನ್ಸಿನ ಕೊರೇಜ್ ಪ್ರಾಂತ್ಯದ ಜುಯಾಕ್ ಎಂಬ ಹಳ್ಳಿಯಲ್ಲಿ. ಫ್ರೆಂಚ್ ಕ್ರಾಂತಿಯ ಬಿಸಿ ಇನ್ನೂ ಆರಿರಲಿಲ್ಲ. ಅವರದು ಕೈದುಡಿಮೆಯಿಂದ ಬದುಕುವ ಸಾಮಾನ್ಯ ಕುಟುಂಬ. ಓದು ಬರಹ ಕಲಿತರು, ಅದಕ್ಕಿಂತ ಮುಂದಿನ ಶಿಕ್ಷಣ ಆ ಕಾಲದ ಹಳ್ಳಿಯ ಹೆಣ್ಣುಮಕ್ಕಳ ಪಾಲಿಗೆ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡರು.

ಹದಿನೆಂಟರ ಹೊತ್ತಿಗೆ ಅವರು ಹೊಲಿಗೆ ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಹೊರಟರು. ದೂರ 400 ಕಿಲೋಮೀಟರಿಗೂ ಹೆಚ್ಚು. ಹೋದದ್ದು ಕಾಲ್ನಡಿಗೆಯಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಂಗಳೂರಿನಿಂದ ಬೆಂಗಳೂರಿಗೆ ನಡೆದು, ಮತ್ತೂ ಒಂದೆರಡು ದಿನ ನಡೆದಷ್ಟು. ದಾರಿಯಲ್ಲಿ ಜೊತೆಗಿದ್ದ ಸಂಬಂಧಿಕನೇ ಅವರ ಮೇಲೆ ಕೈಮಾಡಿದ. ಓರ್ಲಿಯಾನ್ಸ್ ನಗರದ ಒಂದು ಕನ್ಯಾಮಠದಲ್ಲಿ ಆಶ್ರಯ ಪಡೆದು, ಪ್ರಯಾಣದ ಕಾಗದಪತ್ರಗಳಿಗಾಗಿ ಕಾಯಬೇಕಾಯಿತು. ಕೊನೆಗೂ ಪ್ಯಾರಿಸ್ ಮುಟ್ಟಿದಾಗ ಅವರಿಗೆಂದು ಇದ್ದ ಕೆಲಸ ಬೇರೆಯವರ ಪಾಲಾಗಿತ್ತು.

ಅಲ್ಲಿಂದ ಹಿಂದಿರುಗಿ ಬಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ. ಶ್ರೀಮಂತರ ಉಡುಪು ಹೊಲಿಯುವ ಇನ್ನೊಂದು ಅಂಗಡಿಯಲ್ಲಿ ಸಹಾಯಕಿಯಾಗಿ ಸೇರಿದರು. ಕಸೂತಿಯಲ್ಲಿ ಅವರ ಕೈ ಎಷ್ಟು ಪಳಗಿತ್ತೆಂದರೆ, 1816ರಲ್ಲಿ ಸಿಸಿಲಿಯ ರಾಜಕುಮಾರಿ ಕ್ಯಾರೊಲಿನ್ ಫ್ರಾನ್ಸಿನ ರಾಜಮನೆತನಕ್ಕೆ ಸೊಸೆಯಾಗಿ ಬಂದಾಗ ಮದುವೆಯ ಉಡುಪನ್ನು ಸಿದ್ಧಪಡಿಸಿದ್ದು ಜೀನ್. ಅದರಿಂದ ಅವರ ಹೆಸರು ಪ್ಯಾರಿಸ್‌ನಲ್ಲಿ ಹಬ್ಬಿತು.

ನನ್ನ ಉಮ್ಮ ಮನೆಯಲ್ಲಿ ಟೈಲರಿಂಗ್ ಮಾಡುತ್ತಾರೆ. ಒಂದು ಹೊಲಿಗೆ ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತಾರೆ. ನೂಲಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಅವರ ಕಣ್ಣಿಗೆ ಬೀಳುತ್ತದೆ. ಜೀನ್ ಮುಂದೆ ಮಾಡಿದ ಕೆಲಸವನ್ನು ಓದುವಾಗ, ಸೂಜಿ ಹಿಡಿದ ಆ ಕಣ್ಣು, ಆ ತಾಳ್ಮೆ ಅವರಿಗೆ ವಿಜ್ಞಾನದಲ್ಲೂ ನೆರವಾಗಿರಬೇಕು ಎಂದು ನನಗೆ ಅನಿಸಿದೆ.

ಸಿಸಿಲಿಯ ಬದುಕು

1818ರಲ್ಲಿ ಜೀನ್ ಜೇಮ್ಸ್ ಪವರ್ ಎಂಬ ಇಂಗ್ಲಿಷ್ ವ್ಯಾಪಾರಿಯನ್ನು ಸಿಸಿಲಿಯ ಮೆಸ್ಸಿನಾದಲ್ಲಿ ಮದುವೆಯಾದರು. ಮುಂದಿನ ಸುಮಾರು 25 ವರ್ಷ ಸಿಸಿಲಿಯೇ ಅವರ ಊರಾಯಿತು. ಹೊಟ್ಟೆಪಾಡಿಗಾಗಿ ಹೊಲಿಯಬೇಕಾದ ಅಗತ್ಯ ಇನ್ನು ಇರಲಿಲ್ಲ. ಆರಾಮವಾಗಿ ಕುಳಿತು ಕಾಲ ಕಳೆಯಬಹುದಿತ್ತು. ಅವರು ಮಾಡಿದ್ದು ತಮಗೆ ತಾವೇ ಪಾಠ ಹೇಳಿಕೊಳ್ಳುವ ಕೆಲಸ. ಪುಸ್ತಕ ಓದಿ ನಿಸರ್ಗ ವಿಜ್ಞಾನ ಕಲಿತರು. ದ್ವೀಪದ ಉದ್ದಗಲ ತಿರುಗಿ ಗಿಡ, ಖನಿಜ, ಪಳೆಯುಳಿಕೆ, ಚಿಟ್ಟೆ, ಚಿಪ್ಪುಗಳನ್ನು ಸಂಗ್ರಹಿಸಿದರು, ಚಿತ್ರ ಬರೆದರು, ಪಟ್ಟಿ ಮಾಡಿದರು. ಈ ತಿರುಗಾಟದ ಫಲವಾಗಿ 1842ರಲ್ಲಿ ಸಿಸಿಲಿಯ ಕುರಿತು ಇಟಾಲಿಯನ್ ಭಾಷೆಯಲ್ಲಿ ಒಂದು ಮಾರ್ಗದರ್ಶಿ ಪುಸ್ತಕವನ್ನೂ ಹೊರತಂದರು.

ಮೆಸ್ಸಿನಾ ಇರುವ ಜಾಗವೇ ವಿಶೇಷ. ಇಟಲಿಯ ಮುಖ್ಯ ನೆಲಕ್ಕೂ ಸಿಸಿಲಿಗೂ ನಡುವೆ ಒಂದು ಕಿರಿದಾದ ಜಲಸಂಧಿ ಇದೆ. ಅಲ್ಲಿನ ಸೆಳೆತ ಜೋರು. ಆಳ ಸಮುದ್ರದ ಜೀವಿಗಳೂ ಕೆಲವೊಮ್ಮೆ ದಡಕ್ಕೆ ಬಂದು ಬೀಳುತ್ತವೆ. ಸಮುದ್ರದ ಬಗ್ಗೆ ಕುತೂಹಲ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗಲಾರದು. ಆ ನೀರಿನಲ್ಲೇ ಅವರಿಗೆ ಆರ್ಗೊನಾಟ್ ಸಿಕ್ಕಿತು.

ಚಿಪ್ಪು ಯಾರದು?

ಆರ್ಗೊನಾಟ್ ಎಂದರೆ ಒಂದು ಬಗೆಯ ಆಕ್ಟೋಪಸ್. ಎಂಟು ತೋಳುಗಳ, ಮೂಳೆಯಿಲ್ಲದ ಮೃದ್ವಂಗಿ. ಆದರೆ ಉಳಿದ ಆಕ್ಟೋಪಸ್‌ಗಳ ಹಾಗೆ ಇದು ಬಂಡೆಯ ಸಂದಿಯಲ್ಲಿ ಅಡಗುವುದಿಲ್ಲ. ಕಾಗದದಷ್ಟು ತೆಳ್ಳಗಿನ, ಬಿಳಿಯ, ಗೆರೆಗೆರೆಯಾದ ಚೆಲುವಾದ ಚಿಪ್ಪಿನೊಳಗೆ ಕುಳಿತು ತೆರೆದ ಸಮುದ್ರದಲ್ಲಿ ತೇಲುತ್ತದೆ. ಅದರ ಎರಡು ತೋಳುಗಳ ತುದಿಯಲ್ಲಿ ಅಗಲವಾದ ಪೊರೆ ಇರುತ್ತದೆ. ಅರಿಸ್ಟಾಟಲ್ ಕಾಲದಿಂದಲೂ ಜನ ನಂಬಿದ್ದೇನೆಂದರೆ, ಚಿಪ್ಪು ಇದರ ದೋಣಿ, ಆ ಪೊರೆ ಗಾಳಿಗೆ ಬಿಚ್ಚುವ ಹಾಯಿ. ಗ್ರೀಕ್ ಕಥೆಯ ಆರ್ಗೊ ಎಂಬ ಹಡಗಿನ ನಾವಿಕರ ಹೆಸರು ಇದಕ್ಕೆ ಬಂದದ್ದೂ ಹಾಗೆಯೇ.

ಆದರೆ ಆ ಚಿಪ್ಪು ಯಾರದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತ ಇರಲಿಲ್ಲ. ಬಸವನಹುಳು, ಮರುವಾಯಿ ಮುಂತಾದವುಗಳ ದೇಹ ಚಿಪ್ಪಿಗೆ ಸ್ನಾಯುವಿನಿಂದ ಅಂಟಿಕೊಂಡಿರುತ್ತದೆ. ಆರ್ಗೊನಾಟ್‌ನ ದೇಹ ಹಾಗೆ ಅಂಟಿಕೊಂಡಿಲ್ಲ. ಅದು ಚಿಪ್ಪಿನಿಂದ ಕಳಚಿಕೊಳ್ಳಬಲ್ಲದು. ಮೊಟ್ಟೆಯಿಂದ ಹೊರಬರುವ ಮರಿಗೂ ಚಿಪ್ಪಿಲ್ಲ. ಹಾಗಾದರೆ ಇದು ಸನ್ಯಾಸಿ ಏಡಿಯಂತೆ ಬೇರೆ ಯಾವುದೋ ಪ್ರಾಣಿಯ ಚಿಪ್ಪಿಗೆ ನುಗ್ಗಿ ಕುಳಿತಿರಬೇಕು ಎಂದು ಫ್ರಾನ್ಸಿನ ದೊಡ್ಡ ಪ್ರಾಣಿಶಾಸ್ತ್ರಜ್ಞ ಬ್ಲಾಂವಿಲ್ ಮತ್ತು ಅವರ ಕಡೆಯವರು ವಾದಿಸುತ್ತಿದ್ದರು. ಚಿಪ್ಪನ್ನು ನಿಜವಾಗಿ ಕಟ್ಟಿದ ಪ್ರಾಣಿ ಇನ್ನೂ ಸಿಕ್ಕಿಲ್ಲ, ಇದು ಬರೀ ಬಾಡಿಗೆದಾರ ಎಂಬುದು ಅವರ ನಿಲುವು. ಇನ್ನೊಂದು ಪಕ್ಷದವರು ಚಿಪ್ಪು ಅದರದ್ದೇ ಎನ್ನುತ್ತಿದ್ದರು. ಎರಡೂ ಕಡೆಯವರ ಬಳಿ ಇದ್ದ ಆಧಾರ ಮಾತ್ರ ಒಂದೇ: ದಡಕ್ಕೆ ಬಿದ್ದ ಖಾಲಿ ಚಿಪ್ಪುಗಳು ಮತ್ತು ಮದ್ಯಸಾರದ ಬಾಟಲಿಯಲ್ಲಿ ಮುದುಡಿದ ಸತ್ತ ಪ್ರಾಣಿಗಳು.

ನನ್ನ ತೊಟ್ಟಿಯ ಮೀನನ್ನು ನೋಡಿದರೆ ಬ್ಲಾಂವಿಲ್ ಅವರ ಊಹೆ ಮೂರ್ಖತನ ಎನಿಸುವುದಿಲ್ಲ. ಬೇರೆಯವರ ಚಿಪ್ಪಿನಲ್ಲಿ ಬದುಕುವ ಜೀವಿಗಳು ನಿಸರ್ಗದಲ್ಲಿ ಇವೆ. ಟ್ಯಾಂಗನಿಕಾದಲ್ಲೇ ಲ್ಯಾಂಪ್ರೊಲೋಗಸ್ ಕ್ಯಾಲಿಪ್ಟೆರಸ್ ಎಂಬ ಇನ್ನೊಂದು ಮೀನಿದೆ. ಅದರ ಗಂಡು ಖಾಲಿ ಚಿಪ್ಪುಗಳನ್ನು ಬಾಯಿಯಲ್ಲಿ ಕಚ್ಚಿ ತಂದು ರಾಶಿ ಹಾಕುತ್ತದೆ, ಹೆಣ್ಣುಗಳು ಬಂದು ಅದರೊಳಗೆ ಮೊಟ್ಟೆ ಇಡುತ್ತವೆ. ಗಂಡಿನ ತೂಕ ಹೆಣ್ಣಿನ ಸುಮಾರು 12 ಪಟ್ಟು. ಇಷ್ಟು ದೊಡ್ಡ ಮೈಗೆ ಆ ಚಿಪ್ಪಿನೊಳಗೆ ಜಾಗವೇ ಇಲ್ಲ. ಆದ್ದರಿಂದ ಆರ್ಗೊನಾಟ್ ಕೂಡ ಎರವಲು ಚಿಪ್ಪಿನದು ಎಂದು ಊಹಿಸಲು ಅಡ್ಡಿಯಿರಲಿಲ್ಲ. ಊಹಿಸಿದ ಮೇಲೆ ಪರೀಕ್ಷಿಸಬೇಕಿತ್ತು. ಅದನ್ನು ಮಾಡಿದವರು ಜೀನ್.

ತೊಟ್ಟಿ, ಪಂಜರ ಮತ್ತು ಪ್ರಯೋಗ

1832ರಲ್ಲಿ ಜೀನ್ ಆರ್ಗೊನಾಟ್‌ನ ಅಧ್ಯಯನಕ್ಕೆ ಇಳಿದರು. ಮೊದಲ ತೊಡಕು ಎದುರಾದದ್ದು ಪ್ರಾಣಿಯಿಂದಲೇ. ಅದು ಬಹಳ ನಾಚಿಕೆಯದು, ದೋಣಿಯ ನೆರಳು ಕಂಡರೆ ಆಳಕ್ಕೆ ಇಳಿದುಬಿಡುತ್ತದೆ. ಹಿಡಿದು ತಂದರೆ ಹೆಚ್ಚು ಹೊತ್ತು ಬದುಕದು. ಅದನ್ನು ಬದುಕಿಸಿಟ್ಟುಕೊಂಡು ನೋಡುವ ಸಾಧನ ಯಾವುದೂ ಆಗ ಇರಲಿಲ್ಲ. ಚೀನಾದಲ್ಲಿ ಶತಮಾನಗಳಿಂದ ಗೋಲ್ಡ್‌ಫಿಶ್ ಸಾಕುತ್ತಿದ್ದರು ನಿಜ, ಆದರೆ ಅದು ಚೆಂದಕ್ಕೆ, ಅದೂ ಸಿಹಿನೀರಿನಲ್ಲಿ. ಸಮುದ್ರದ ಪ್ರಾಣಿಯ ನಡವಳಿಕೆಯನ್ನು ದಿನವೂ ನೋಡಿ ಬರೆದುಕೊಳ್ಳಲು ಬೇಕಾದ ಉಪಕರಣವನ್ನು ಜೀನ್ ತಾವೇ ರೂಪಿಸಬೇಕಾಯಿತು.

ಅವರು ಮೂರು ಬಗೆಯ ಸಾಧನಗಳನ್ನು ಮಾಡಿಸಿದರು. ಒಂದು, ಮನೆಯ ಓದುವ ಕೋಣೆಯಲ್ಲಿ ಇಡುವ ಗಾಜಿನ ತೊಟ್ಟಿ. ನಾವು ಈಗ ಅಕ್ವೇರಿಯಂ ಎನ್ನುವುದು ಇದನ್ನೇ. ಎರಡನೆಯದು, ಹೊರಗೆ ಪಂಜರದ ರಕ್ಷಣೆ ಇರುವ ಗಾಜಿನ ಪೆಟ್ಟಿಗೆ. ಇದನ್ನು ಸಮುದ್ರದಲ್ಲಿ ಮುಳುಗಿಸಿ, ಬೇಕೆಂದಾಗ ಮೇಲೆತ್ತಿ ಒಳಗಿನ ಪ್ರಾಣಿಯನ್ನು ನೋಡಬಹುದಿತ್ತು. ಮೂರನೆಯದು, ದೊಡ್ಡ ಮೃದ್ವಂಗಿಗಳಿಗಾಗಿ ಲಂಗರು ಹಾಕಿ ಸಮುದ್ರದಲ್ಲೇ ನಿಲ್ಲಿಸುವ ಪಂಜರ. ಏರ್ ಪಂಪ್ ಇಲ್ಲದ, ಫಿಲ್ಟರ್ ಇಲ್ಲದ, ಮನೆಗೆ ವಿದ್ಯುತ್ತೇ ಬಾರದ ಕಾಲ ಅದು ಎಂಬುದನ್ನು ನೆನಪಿಡಿ. ನಮ್ಮ ತೊಟ್ಟಿಯಲ್ಲಿ ಒಂದು ದಿನ ಕರೆಂಟ್ ಹೋದರೆ ನಾನು ಮಗ್ಗಿನಲ್ಲಿ ನೀರು ಎತ್ತಿ ಸುರಿಯುತ್ತಾ ಕೂರುತ್ತೇನೆ. ಸಮುದ್ರದ ಪ್ರಾಣಿಯನ್ನು ಮನೆಯಲ್ಲಿ ಬದುಕಿಸುವುದು ಇನ್ನೂ ಕಷ್ಟ. ಸಮುದ್ರದಲ್ಲೇ ನಿಲ್ಲುವ ಪಂಜರದಲ್ಲಿ ನೀರು ಬದಲಿಸುವ ಕೆಲಸವನ್ನು ಸಮುದ್ರವೇ ಮಾಡುತ್ತದೆ. ಮೂರೂ ಸಾಧನ ಇಟ್ಟುಕೊಂಡ ಅವರ ಜಾಣತನ ನನಗೆ ಕಾಣುವುದು ಅಲ್ಲಿಯೇ.

ಸಾಧನ ಸಿದ್ಧವಾದ ಮೇಲೆ ಪ್ರಯೋಗ. ಜೀನ್ ಜೀವಂತ ಆರ್ಗೊನಾಟ್‌ಗಳ ಚಿಪ್ಪಿನ ಚೂರನ್ನು ಬೇಕೆಂದೇ ಮುರಿದು, ಏನಾಗುತ್ತದೆ ಎಂದು ಕಾದರು. ಎರವಲು ಮನೆಯಾಗಿದ್ದರೆ ಪ್ರಾಣಿ ಅದನ್ನು ಬಿಟ್ಟು ಬೇರೆ ಹುಡುಕಬೇಕಿತ್ತು. ಸನ್ಯಾಸಿ ಏಡಿ ಮಾಡುವುದು ಅದನ್ನೇ. ನನ್ನ ಮಲ್ಟಿಗಳ ಒಂದು ಚಿಪ್ಪು ಒಡೆದಾಗಲೂ ಅದನ್ನು ಯಾವ ಮೀನೂ ರಿಪೇರಿ ಮಾಡಲಿಲ್ಲ, ಪಕ್ಕದ ಚಿಪ್ಪಿಗೆ ಸಂಸಾರ ಸಾಗಿಸಿತು. ಆರ್ಗೊನಾಟ್ ಹಾಗೆ ಮಾಡಲಿಲ್ಲ. ಅದು ತನ್ನ ಅಗಲ ತೋಳುಗಳನ್ನು ಹಿಂದಕ್ಕೆ ಚಾಚಿ, ಮುರಿದ ಜಾಗದ ಮೇಲೆ ಪೊರೆಯನ್ನು ಹರಡಿತು. ಆ ಪೊರೆಯಿಂದ ಒಸರಿದ ದ್ರವ್ಯ ಗಟ್ಟಿಯಾಗಿ ತೂತು ಮುಚ್ಚಿತು. ಸಾವಿರಾರು ವರ್ಷ ಹಾಯಿ ಎಂದು ಹೇಳುತ್ತಾ ಬಂದಿದ್ದ ಪೊರೆ ನಿಜವಾಗಿ ಚಿಪ್ಪು ಕಟ್ಟುವ ಅಂಗ!

ಒಂದು ಪ್ರಾಣಿಯಲ್ಲಿ ಕಂಡದ್ದನ್ನು ನಂಬಿ ಅವರು ನಿಲ್ಲಲಿಲ್ಲ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು. ಬೇರೆ ಬೇರೆ ಗಾತ್ರದ ಆರ್ಗೊನಾಟ್‌ಗಳನ್ನು ಸಂಗ್ರಹಿಸಿ, ಪ್ರಾಣಿ ಬೆಳೆದಂತೆ ಚಿಪ್ಪೂ ಬೆಳೆಯುತ್ತದೆ, ಚಿಕ್ಕ ಪ್ರಾಣಿಗೆ ಚಿಕ್ಕ ಚಿಪ್ಪು, ದೊಡ್ಡದಕ್ಕೆ ದೊಡ್ಡದು, ಎರಡರ ಅಳತೆ ತಪ್ಪದೆ ಹೊಂದುತ್ತದೆ ಎಂದು ತೋರಿಸಿದರು. ಮರಿ ಚಿಪ್ಪಿಲ್ಲದೆ ಹುಟ್ಟುವುದು ನಿಜ, ಆದರೆ ಸ್ವಲ್ಪ ಬೆಳೆದ ಮೇಲೆ ತನ್ನ ಚಿಪ್ಪನ್ನು ತಾನೇ ಕಟ್ಟಲು ತೊಡಗುತ್ತದೆ. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು. ಆರ್ಗೊನಾಟ್ ಬಾಡಿಗೆದಾರ ಅಲ್ಲ, ಮನೆಯ ಯಜಮಾನಿ.

ಕೆಲಸ ಯಾರದು?

ಚಿಪ್ಪಿನ ಪ್ರಶ್ನೆ ಬಗೆಹರಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಈ ಶೋಧ ಯಾರದು? ಜೀನ್ ತಮ್ಮ ಫಲಿತಾಂಶಗಳನ್ನು ಸಿಸಿಲಿಯ ಕಟಾನಿಯಾ ನಗರದ ಜಿಯೋಯೆನಿಯಾ ಅಕಾಡೆಮಿಯ ಮುಂದಿಟ್ಟಿದ್ದರು. ಅಲ್ಲಿನ ಪ್ರಾಧ್ಯಾಪಕ ಕಾರ್ಮೆಲೊ ಮರವಿಗ್ನಾ 1834ರಲ್ಲೇ ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಕೆಲಸದ ಬಗ್ಗೆ ಬರೆದು, ಅಕ್ವೇರಿಯಂ ರೂಪಿಸಿ ಅದನ್ನು ಸಮುದ್ರಜೀವಿಗಳ ಅಧ್ಯಯನಕ್ಕೆ ಬಳಸಿದ ಶ್ರೇಯಸ್ಸು ಅವರಿಗೇ ಸಲ್ಲಬೇಕು ಎಂದು ದಾಖಲಿಸಿದರು. ಆ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆ ಜೀನ್. ಆದರೆ 1837ರಲ್ಲಿ ಫ್ರೆಂಚ್ ನೌಕಾಧಿಕಾರಿ ಸಾಂದೆರ್ ರಾಂಗ್ ಆರ್ಗೊನಾಟ್ ಕುರಿತು ಪ್ರಕಟಿಸಿದ ಮೇಲೆ, ಪ್ಯಾರಿಸ್‌ನಲ್ಲಿ ಮೊದಲು ಕಂಡವರು ಯಾರು ಎಂಬ ಚರ್ಚೆ ಹುಟ್ಟಿತು. ದೂರದ ದ್ವೀಪದಲ್ಲಿದ್ದ, ಪದವಿಯಿಲ್ಲದ ಮಹಿಳೆಯ ಮಾತಿಗೆ ಆ ಚರ್ಚೆಯಲ್ಲಿ ತೂಕ ಬರುವುದು ಸುಲಭವಿರಲಿಲ್ಲ.

ಇದನ್ನು ಓದುವಾಗ ನನಗೆ ಒಂದು ಹೋಲಿಕೆ ಹೊಳೆಯಿತು. ಆರ್ಗೊನಾಟ್ ತನ್ನ ಚಿಪ್ಪನ್ನು ತಾನೇ ಕಟ್ಟಿದೆ ಎಂದು ಒಪ್ಪಲು ಪಂಡಿತರು ಹಿಂಜರಿದರು. ಅದನ್ನು ಕಂಡುಹಿಡಿದ ಹೆಂಗಸು ಆ ಕೆಲಸವನ್ನು ತಾನೇ ಮಾಡಿದ್ದಾಳೆ ಎಂದು ಒಪ್ಪಲೂ ಹಿಂಜರಿದರು. ಎರಡಕ್ಕೂ ಅವರು ಕೊಟ್ಟ ಉತ್ತರ ಒಂದೇ ಬಗೆಯದು, ಸಾಕ್ಷಿ. 1839ರಲ್ಲಿ ಅವರು ತಮ್ಮ ಮಾದರಿಗಳನ್ನು ಲಂಡನ್ನಿನ ಪ್ರಸಿದ್ಧ ವಿಜ್ಞಾನಿ ರಿಚರ್ಡ್ ಓವೆನ್ ಅವರಿಗೆ ತಲುಪಿಸಿದರು. ಬೇರೆ ಬೇರೆ ಗಾತ್ರದ ಪ್ರಾಣಿಗಳು, ದುರಸ್ತಿಯಾದ ಚಿಪ್ಪುಗಳು ಎಲ್ಲವೂ ಅದರಲ್ಲಿದ್ದವು. ಓವೆನ್ ಅವುಗಳನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಇಟ್ಟು ಜೀನ್ ಅವರ ಪಕ್ಷ ವಹಿಸಿದರು. ಅದೇ ವರ್ಷ ಜೀನ್ ಅವರ ಸ್ವಂತ ಪುಸ್ತಕವೂ ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಕಾಲಕ್ರಮದಲ್ಲಿ ಲಂಡನ್ನಿನ ಆ ಸಂಘವೂ ಸೇರಿದಂತೆ ಹದಿನಾರಕ್ಕೂ ಹೆಚ್ಚು ವಿದ್ವತ್ ಸಂಸ್ಥೆಗಳು ಅವರನ್ನು ಸದಸ್ಯೆಯಾಗಿ ಸೇರಿಸಿಕೊಂಡವು.

ಆರ್ಗೊನಾಟ್ ಒಂದೇ ಅವರ ಕೆಲಸವಲ್ಲ. ಸಾಮಾನ್ಯ ಆಕ್ಟೋಪಸ್ ಒಂದು ಕಲ್ಲನ್ನು ತೋಳಿನಲ್ಲಿ ಹಿಡಿದು ಕಾದು, ದೊಡ್ಡ ಪಿನ್ನಾ ಚಿಪ್ಪು ಬಾಯಿ ತೆರೆದ ಕ್ಷಣ ಕಲ್ಲನ್ನು ನಡುವೆ ತೂರಿಸಿ, ಅದು ಮುಚ್ಚಿಕೊಳ್ಳದಂತೆ ಮಾಡಿ ಒಳಗಿನ ಮಾಂಸ ತಿನ್ನುವುದನ್ನು ನೋಡಿ ಬರೆದರು. ಮೀನು ಕಡಿಮೆಯಾದ ಹೊಳೆಗಳಿಗೆ, ಮರಿಗಳನ್ನು ಪಂಜರದಲ್ಲಿ ಬೆಳೆಸಿ ಬಿಡಬಹುದು ಎಂಬ ಯೋಜನೆಯನ್ನೂ ಮುಂದಿಟ್ಟರು. ಇಂದು ನಮ್ಮ ಅಣೆಕಟ್ಟು, ಹಿನ್ನೀರುಗಳಲ್ಲಿ ಪಂಜರದ ಮೀನು ಕೃಷಿ ಕಾಣುವಾಗ ಆ ಯೋಚನೆ ಎಷ್ಟು ಹಿಂದಿನದು ಎಂದು ಅಚ್ಚರಿಯಾಗುತ್ತದೆ.

ಮುಳುಗಿದ ಹಡಗು

ಜೀನ್ ದಂಪತಿ 1843ರಲ್ಲಿ ಸಿಸಿಲಿ ಬಿಟ್ಟರು. ಅವರ ಸಂಗ್ರಹ, ಟಿಪ್ಪಣಿ, ಚಿತ್ರಗಳ ದೊಡ್ಡ ಭಾಗವನ್ನು ಹೊತ್ತ ಹಡಗು ಸಮುದ್ರದಲ್ಲಿ ಮುಳುಗಿಹೋಯಿತು. ವರ್ಷಗಳ ಕೆಲಸ ನೀರುಪಾಲಾಯಿತು. ಯಾವ ಸಮುದ್ರದ ಮುಂದೆ ಕುಳಿತು ಅದನ್ನೆಲ್ಲ ಬರೆದಿದ್ದರೋ ಆ ಸಮುದ್ರವೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ಮುಂದೆ ಅವರು ಪ್ಯಾರಿಸ್ ಮತ್ತು ಲಂಡನ್ ನಡುವೆ ಬದುಕಿದರು. ಹೊಸ ಪ್ರಯೋಗಗಳನ್ನು ಮಾಡಲಿಲ್ಲ. ಆದರೆ ಬರೆಯುವುದನ್ನು, ಮಾತನಾಡುವುದನ್ನು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಅಕ್ವೇರಿಯಂ ಯುರೋಪಿನಲ್ಲಿ ಒಂದು ಹುಚ್ಚಾಗಿ ಹಬ್ಬಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಶ್ರೀಮಂತರ ಹಜಾರಗಳಲ್ಲಿ ಗಾಜಿನ ತೊಟ್ಟಿಗಳು ಬಂದವು. ಇಪ್ಪತ್ತು ವರ್ಷ ಮೊದಲೇ ಮೆಸ್ಸಿನಾದಲ್ಲಿ ಅದನ್ನು ಬಳಸಿದವರ ಹೆಸರು ಆ ಗದ್ದಲದಲ್ಲಿ ಹೆಚ್ಚು ಕೇಳಿಬರಲಿಲ್ಲ.

1870ರ ಚಳಿಗಾಲದಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿದಾಗ, ಮುಪ್ಪಿನಲ್ಲಿದ್ದ ಜೀನ್ ಅಲ್ಲಿಂದ ಹೊರಟು ತಮ್ಮ ಹುಟ್ಟೂರು ಜುಯಾಕ್ ಸೇರಿದರು. ಹದಿನೆಂಟರಲ್ಲಿ ನಡೆದು ಬಿಟ್ಟುಹೋಗಿದ್ದ ಊರು ಅದು. 1871ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ 76 ವರ್ಷ.

ಆಮೇಲೆ ತಿಳಿದದ್ದು

ಜೀನ್ ತೆರೆದ ಬಾಗಿಲಿನಿಂದ ಇತರರು ಮುಂದೆ ಹೋದರು. ಚಿಪ್ಪಿನಲ್ಲಿ ಸಿಗುತ್ತಿದ್ದ ಆರ್ಗೊನಾಟ್‌ಗಳೆಲ್ಲ ಹೆಣ್ಣೇ. ಗಂಡು ಎಲ್ಲಿ ಎಂಬುದು ಬಹಳ ಕಾಲ ಒಗಟಾಗಿತ್ತು. ಹೆಣ್ಣಿನ ದೇಹದಲ್ಲಿ ಕಾಣುತ್ತಿದ್ದ ಹುಳುವಿನಂಥ ಒಂದು ವಸ್ತುವನ್ನು ಮಹಾನ್ ವಿಜ್ಞಾನಿ ಕುವಿಯೇ 1829ರಲ್ಲಿ ಪರಾವಲಂಬಿ ಹುಳು ಎಂದು ಭಾವಿಸಿ ಹೆಕ್ಟೊಕಾಟಿಲಸ್ ಎಂದು ಹೆಸರಿಟ್ಟಿದ್ದರು. ಅದು ಹುಳುವಲ್ಲ, ಗಂಡಿನಿಂದ ಕಳಚಿ ಬಂದ ಸಂತಾನೋತ್ಪತ್ತಿಯ ತೋಳು ಎಂದು ಆಮೇಲೆ ಗೊತ್ತಾಯಿತು. 1853ರಲ್ಲಿ ಹೈನ್ರಿಖ್ ಮ್ಯೂಲರ್ ಗಂಡು ಆರ್ಗೊನಾಟ್‌ನ ವಿವರಣೆ ಕೊಟ್ಟರು. ಅದು ಚಿಪ್ಪಿಲ್ಲದ, ಒಂದೆರಡು ಸೆಂಟಿಮೀಟರಿನ ಪುಟ್ಟ ಜೀವಿ. ಹೆಣ್ಣು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಚಿಪ್ಪು ಅದರ ಮೊಟ್ಟೆಗಳ ತೊಟ್ಟಿಲು. 2010ರಲ್ಲಿ ಆಸ್ಟ್ರೇಲಿಯಾದ ಜೂಲಿಯನ್ ಫಿನ್ ಮತ್ತು ಮಾರ್ಕ್ ನಾರ್ಮನ್ ಇನ್ನೊಂದು ಸಂಗತಿ ಪ್ರಕಟಿಸಿದರು. ಆರ್ಗೊನಾಟ್ ನೀರಿನ ಮೇಲಕ್ಕೆ ಬಂದು ಚಿಪ್ಪಿನಲ್ಲಿ ಗಾಳಿ ಹಿಡಿದುಕೊಂಡು, ಆಮೇಲೆ ಕೆಳಗಿಳಿದು, ಆ ಗಾಳಿಯ ಬಲದಿಂದ ಮುಳುಗದೆ ತೇಲದೆ ನೀರಿನಲ್ಲಿ ಸಮತೋಲದಲ್ಲಿ ನಿಲ್ಲುತ್ತದೆ. ಅವರಿಗೂ ಇದು ತಿಳಿದದ್ದು ಜೀವಂತ ಪ್ರಾಣಿಯನ್ನು ನೋಡಿದ್ದರಿಂದ.

ಜೀನ್ ಅವರ ಹೆಸರೂ ಮರಳಿ ಬಂತು. 1997ರಲ್ಲಿ ಶುಕ್ರಗ್ರಹದ ಒಂದು ದೊಡ್ಡ ಕುಳಿಗೆ ವಿಲ್‌ಪ್ರೂ-ಪವರ್ ಎಂದು ಹೆಸರಿಟ್ಟರು. ಮ್ಯಾಗೆಲನ್ ನೌಕೆಯ ರೇಡಾರ್ ತೋರಿಸಿಕೊಟ್ಟ ಕುಳಿ ಅದು.

ಗೆಳೆಯರೇ, ಗೆಳತಿಯರೇ, ನಮ್ಮಲ್ಲಿ ಎಷ್ಟೋ ಮಂದಿ ಎರಡು ಟೆಸ್ಟಿನಲ್ಲಿ ಅಂಕ ಕಡಿಮೆಯಾದರೆ ವಿಜ್ಞಾನ ನಮಗಲ್ಲ ಎಂದುಕೊಳ್ಳುತ್ತೇವೆ. ದೊಡ್ಡ ಲ್ಯಾಬ್ ಇಲ್ಲ, ದೊಡ್ಡ ಊರಿನವರಲ್ಲ ಎಂದು ಕೈಚೆಲ್ಲುತ್ತೇವೆ. ಜೀನ್ ಅವರ ಬದುಕು ಅದಕ್ಕೆ ಬೇರೆ ಉತ್ತರ ಕೊಡುತ್ತದೆ. ಅವರಿಗೆ ಲ್ಯಾಬ್ ಇರಲಿಲ್ಲ, ಅದನ್ನು ಮಾಡಿಕೊಂಡರು. ಗುರುಗಳಿರಲಿಲ್ಲ, ಪುಸ್ತಕಗಳಿಂದ ಕಲಿತರು. ದೊಡ್ಡವರು ಹೇಳಿದ್ದನ್ನು ಅಲ್ಲಗಳೆಯುವ ಮೊದಲು ತಾವೇ ಪರೀಕ್ಷಿಸಿದರು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಅವರ ದಾಖಲೆ. ಹಡಗಿನೊಂದಿಗೆ ಟಿಪ್ಪಣಿಗಳು ಮುಳುಗಿದವು, ಆದರೆ 1834ರ ಅಚ್ಚಿನ ಬರಹ, 1839ರ ಪುಸ್ತಕ, ಲಂಡನ್ನಿಗೆ ಕಳಿಸಿದ ಚಿಪ್ಪುಗಳು ಉಳಿದವು. ಆ ಕೆಲಸ ಅವರದ್ದೇ ಎಂದು ಇಂದು ನಾವು ಹೇಳಬಲ್ಲೆವಾದರೆ ಅದು ಅವುಗಳಿಂದ. ಆದ್ದರಿಂದ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ ಪಕ್ಕದವರ ಪುಸ್ತಕ ನೋಡಿ ಇಳಿಸಬೇಡಿ. ನಿಮ್ಮ ಕಣ್ಣಿಗೆ ಕಂಡದ್ದನ್ನು, ಕಂಡ ದಿನಾಂಕದೊಂದಿಗೆ ಬರೆಯಿರಿ. ಮನೆಯಲ್ಲಿ ಒಂದು ಮೀನೋ, ಕುಂಡದಲ್ಲಿ ಒಂದು ಗಿಡವೋ, ಮಾಡಿನಲ್ಲಿ ಒಂದು ಗುಬ್ಬಿಗೂಡೋ ಇದ್ದರೆ ದಿನಕ್ಕೆ ಹತ್ತು ನಿಮಿಷ ಅದರ ಮುಂದೆ ಕೂರಿ. ಚಿಪ್ಪಿನ ಮೀನು ಸಾಕುವ ಆಸೆ ಯಾರಿಗಾದರೂ ಇದ್ದರೆ ಹೇಳಿ. ನನ್ನ ತೊಟ್ಟಿಯಲ್ಲಿ ಈಗ ಮರಿಗಳು ಹೆಚ್ಚಾಗಿವೆ, ಚಿಪ್ಪಿನ ಸಮೇತ ಕೊಡುತ್ತೇನೆ. ಜೊತೆಗೆ ಒಂದು ನೋಟ್‌ಬುಕ್ ಮಾತ್ರ ನೀವು ತರಬೇಕು.